ಹೌ ಟು ಸ್ಟಾಪ್ ಆ್ಯನ್ ಎಕ್ಸ್‌ಪ್ಲೋಡಿಂಗ್ ಮ್ಯಾನ್

ಹೌ ಟು ಸ್ಟಾಪ್ ಆ್ಯನ್ ಎಕ್ಸ್‌ಪ್ಲೋಡಿಂಗ್ ಮ್ಯಾನ್ ಎಂಬುದು ಅಮೆರಿಕದ ಸೂಪರ್‌ಹೀರೋ ದೂರದರ್ಶನ ಧಾರಾವಾಹಿ ಹೀರೋಸ್‌ನ ಮೊದಲ ಸೀಸನ್ನಿನ 23ನೆಯ ಹಾಗೂ ಅಂತಿಮ ಸಂಚಿಕೆ. ಧಾರಾವಾಹಿಯ ಸೃಷ್ಟಿಕರ್ತ ಟಿಮ್ ಕ್ರಿಂಗ್ ಇದನ್ನು ಬರೆದಿದ್ದು, ಅಲನ್ ಆರ್ಕುಶ್ ನಿರ್ದೇಶಿಸಿದ್ದಾರೆ. ಎನ್‌ಬಿಸಿ ವಾಹಿನಿಯಲ್ಲಿ 2007ರ ಮೇ 21ರಂದು ಪ್ರಸಾರವಾದ ಈ ಸಂಚಿಕೆಯನ್ನು ಅಮೆರಿಕದಲ್ಲಿ 1.3 ಕೋಟಿಗೂ ಹೆಚ್ಚು ಜನ ವೀಕ್ಷಿಸಿದರು. ಆದರೆ ಇಡೀ ಸೀಸನ್ ಕಟ್ಟಿಕೊಂಡು ಬಂದ ನಿರೀಕ್ಷೆಗೆ ತಕ್ಕ ಮುಕ್ತಾಯ ದೊರೆಯಲಿಲ್ಲವೆಂದು ಅನೇಕ ಅಭಿಮಾನಿಗಳು ಹಾಗೂ ವಿಮರ್ಶಕರು ನಿರಾಸೆ ವ್ಯಕ್ತಪಡಿಸಿದರು.

ಹಿನ್ನೆಲೆ

ಹೀರೋಸ್ ಧಾರಾವಾಹಿಯು 2006ರ ಸೆಪ್ಟೆಂಬರ್ 25ರಂದು ಆರಂಭವಾಯಿತು. ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ವಾಸಿಸುವ ಸಾಮಾನ್ಯ ಜನರಿಗೆ ತಮ್ಮಲ್ಲಿ ಅಸಾಮಾನ್ಯ ಶಕ್ತಿಗಳಿವೆಯೆಂದು ತಿಳಿಯುವುದು ಇದರ ಕಥಾವಸ್ತು. ಸಮೀಪದಲ್ಲಿರುವ ಇತರರ ಶಕ್ತಿಗಳನ್ನು ತನ್ನದಾಗಿಸಿಕೊಳ್ಳುವ ಪೀಟರ್ ಪೆಟ್ರೆಲಿ (ಮೈಲೋ ವೆಂಟಿಮಿಲಿಯಾ), ಹಾರಬಲ್ಲ ಅವನ ಅಣ್ಣ ನೇಥನ್ (ಏಡ್ರಿಯನ್ ಪಾಸ್ಡರ್), ಯಾವುದೇ ಗಾಯದಿಂದ ಚೇತರಿಸಿಕೊಳ್ಳುವ ವಿದ್ಯಾರ್ಥಿನಿ ಕ್ಲೇರ್ (ಹೇಡನ್ ಪ್ಯಾನೆಟಿಯರ್), ಕಾಲವನ್ನು ನಿಲ್ಲಿಸಬಲ್ಲ ಜಪಾನಿನ ಹಿರೋ ನಕಾಮುರಾ (ಮಾಸಿ ಓಕಾ) ಮತ್ತು ಮದ್ರಾಸಿನಿಂದ ನ್ಯೂಯಾರ್ಕಿಗೆ ಬರುವ ತಳಿವಿಜ್ಞಾನಿ ಮೊಹಿಂದರ್ ಸುರೇಶ್ (ಸೆಂಧಿಲ್ ರಾಮಮೂರ್ತಿ) ಪ್ರಮುಖ ಪಾತ್ರಗಳು. ಇತರರನ್ನು ಕೊಂದು ಅವರ ಶಕ್ತಿಗಳನ್ನು ಕಸಿಯುವ ಸೈಲರ್ (ಜ್ಯಾಕರಿ ಕ್ವಿಂಟೊ) ಖಳನಾಯಕ.

ಭವಿಷ್ಯವನ್ನು ಚಿತ್ರಿಸಬಲ್ಲ ಕಲಾವಿದ ಐಸಾಕ್ ಮೆಂಡೆಜ್ ರಚಿಸಿದ ಒಂದು ವರ್ಣಚಿತ್ರದಲ್ಲಿ ನ್ಯೂಯಾರ್ಕ್ ನಗರವು ಭೀಕರ ಸ್ಫೋಟಕ್ಕೆ ಸಿಲುಕಿರುವುದು ಕಾಣುತ್ತದೆ. ಆ ಸ್ಫೋಟವನ್ನು ತಡೆಯುವುದೇ ಇಡೀ ಸೀಸನ್ನಿನ ಗುರಿ. ವಿಕಿರಣ ಹೊರಸೂಸುವ ಶಕ್ತಿಯು ಪೀಟರ್‌ಗೂ ಸೈಲರ್‌ಗೂ ದೊರೆಯುವುದರಿಂದ, ಸ್ಫೋಟಕ್ಕೆ ಕಾರಣನಾಗುವವನು ಯಾರೆಂಬ ಪ್ರಶ್ನೆ ಕೊನೆಯವರೆಗೂ ಉಳಿಯುತ್ತದೆ. 2007ರ ಏಪ್ರಿಲ್ 30ರಂದು ಪ್ರಸಾರವಾದ 20ನೆಯ ಸಂಚಿಕೆ ಫೈವ್ ಇಯರ್ಸ್ ಗಾನ್, ಸ್ಫೋಟ ನಡೆದುಹೋದ ಭವಿಷ್ಯವನ್ನು ತೋರಿಸಿತು. ಅದರಲ್ಲಿ ಪೀಟರ್ ಮತ್ತು ಸೈಲರ್ ಎದುರುಬದುರಾದ ಕ್ಷಣದಲ್ಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೋರಾಟದ ಬೆಳಕು ಮಾತ್ರ ಹೊರಗೆ ಕಾಣುತ್ತದೆ. ಅಂದು ಮರೆಯಾಗಿ ಉಳಿದ ಆ ಕಾಳಗವನ್ನು ಅಂತಿಮ ಸಂಚಿಕೆಯಲ್ಲಿ ಪೂರ್ಣವಾಗಿ ಕಾಣಬಹುದೆಂಬ ನಿರೀಕ್ಷೆ ಪ್ರೇಕ್ಷಕರಲ್ಲಿ ಮೂಡಿತ್ತು.

ಕಥಾಸಾರ

ನ್ಯೂಯಾರ್ಕಿನ ಕರ್ಬಿ ಪ್ಲಾಜಾದಲ್ಲಿ ಬಹುತೇಕ ಎಲ್ಲ ಮುಖ್ಯ ಪಾತ್ರಗಳೂ ಒಂದೆಡೆ ಸೇರುತ್ತವೆ. ಪೊಲೀಸ್ ಅಧಿಕಾರಿ ಮ್ಯಾಟ್ ಪಾರ್ಕ್‌ಮನ್ ಹಾರಿಸಿದ ಗುಂಡುಗಳನ್ನು ಸೈಲರ್ ಅವನತ್ತಲೇ ತಿರುಗಿಸುತ್ತಾನೆ. ಅಪಾರ ದೇಹಬಲವುಳ್ಳ ನಿಕಿ ಪಾರ್ಕಿಂಗ್ ಮೀಟರೊಂದನ್ನು ಕಿತ್ತು ಸೈಲರ್‌ಗೆ ಹೊಡೆಯುತ್ತಾಳೆ. ಪೀಟರ್ ಅವನನ್ನು ಗುದ್ದುವಾಗ ಪೀಟರ್‌ನ ಕೈಗಳೇ ಕೆಂಪಗೆ ಹೊಳೆಯತೊಡಗಿ, ನಗರವನ್ನು ನಾಶಮಾಡಲಿರುವವನು ಅವನೇ ಎಂಬುದು ಸ್ಪಷ್ಟವಾಗುತ್ತದೆ. ಅಷ್ಟರಲ್ಲಿ ಅಲ್ಲಿ ಪ್ರತ್ಯಕ್ಷನಾಗುವ ಹಿರೋ ತನ್ನ ಖಡ್ಗದಿಂದ ಸೈಲರ್‌ನನ್ನು ಇರಿಯುತ್ತಾನೆ.

ಪೀಟರ್‌ನನ್ನು ಕೊಲ್ಲದೆ ನಗರವನ್ನು ಉಳಿಸಲು ಬೇರೆ ದಾರಿಯಿಲ್ಲವೆಂದು ಕ್ಲೇರ್ ಅವನತ್ತ ಬಂದೂಕು ಹಿಡಿಯುತ್ತಾಳೆ. ಸ್ಫೋಟ ನಡೆಯಲು ಬಿಟ್ಟು ರಾಜಕೀಯ ಲಾಭ ಪಡೆಯಬೇಕೆಂಬ ಒತ್ತಡಕ್ಕೆ ಅಲ್ಲಿಯವರೆಗೆ ಮಣಿದಿದ್ದ ನೇಥನ್ ಆ ಘಳಿಗೆಯಲ್ಲಿ ಹಾರಿಬಂದು, ತಮ್ಮನನ್ನು ಅಪ್ಪಿಕೊಂಡು ಆಕಾಶಕ್ಕೆ ಒಯ್ಯುತ್ತಾನೆ. ಸ್ಫೋಟವು ನಗರದ ಮೇಲೆ, ಬಹು ಎತ್ತರದಲ್ಲಿ ನಡೆಯುತ್ತದೆ. ಅನಂತರ ಸೈಲರ್‌ನ ದೇಹ ಬಿದ್ದಿದ್ದ ಜಾಗದಿಂದ ರಕ್ತದ ಗುರುತು ಮ್ಯಾನ್‌ಹೋಲಿನವರೆಗೆ ಸಾಗಿರುವುದು ಕಾಣುತ್ತದೆ. ಹಿರೋ 1671ರ ಜಪಾನಿಗೆ ತಲುಪುವುದರೊಂದಿಗೆ ಎರಡನೆಯ ಸಂಪುಟ ಜನರೇಷನ್ಸ್ ಆರಂಭವಾಗುತ್ತದೆ.

ಅಭಿಮಾನಿಗಳ ನಿರಾಸೆ

ಸಂಚಿಕೆಯ ಬಗೆಗಿನ ಆಕ್ಷೇಪಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹೋರಾಟದ ಸ್ವರೂಪ. ಸೀಸನ್ನಿನುದ್ದಕ್ಕೂ ಹಲವು ಶಕ್ತಿಗಳನ್ನು ಗಳಿಸಿಕೊಂಡ ಇಬ್ಬರ ಮುಖಾಮುಖಿಯು ಕೆಲವು ಗುದ್ದುಗಳಲ್ಲಿ ಹಾಗೂ ಒಂದು ಖಡ್ಗದ ಇರಿತದಲ್ಲಿ ಮುಗಿದುಹೋಯಿತು. ಅದುವರೆಗೆ ಅಜೇಯನಂತೆ ಚಿತ್ರಿತನಾಗಿದ್ದ ಸೈಲರ್ ತನ್ನತ್ತ ಓಡಿಬರುವ ಹಿರೋನನ್ನು ತಡೆಯದೆ ನಿಂತದ್ದು ಅಸಹಜವೆನಿಸಿತು. ಉಳಿದ ಪಾತ್ರಗಳಲ್ಲಿ ಹಲವರು ಪ್ರೇಕ್ಷಕರಂತೆ ನಿಂತು ನೋಡುತ್ತಿದ್ದರೆಂಬ ಟೀಕೆಯೂ ಕೇಳಿಬಂತು.

ಎರಡನೆಯದು ತರ್ಕಕ್ಕೆ ಸಂಬಂಧಿಸಿದ್ದು. ಅಣ್ಣನ ಹಾರುವ ಶಕ್ತಿಯು ಪೀಟರ್‌ನಲ್ಲಿಯೂ ಇದ್ದುದರಿಂದ ಅವನು ತಾನೇ ಮೇಲಕ್ಕೆ ಹಾರಬಹುದಿತ್ತಲ್ಲವೇ ಎಂಬುದು ಅತಿ ಹೆಚ್ಚು ಚರ್ಚೆಗೊಳಗಾದ ಪ್ರಶ್ನೆ. ನಿಯಂತ್ರಣ ತಪ್ಪಿದ ಶಕ್ತಿಯೊಂದು ಆವರಿಸಿರುವಾಗ ಅವನು ಮತ್ತೊಂದನ್ನು ಬಳಸಲಾರ ಎಂದು ಕೆಲವು ಅಭಿಮಾನಿಗಳು ಸಮರ್ಥಿಸಿದರೂ ಸಂಚಿಕೆಯಲ್ಲಿ ಅದಕ್ಕೆ ಸ್ಪಷ್ಟ ವಿವರಣೆಯಿಲ್ಲ. ದೃಶ್ಯದ ತರ್ಕದಲ್ಲಿ ಸಣ್ಣ ಬಿರುಕು ಇರುವುದನ್ನು ಕ್ರಿಂಗ್ ಒಪ್ಪಿಕೊಂಡರು.

ಮೂರನೆಯದು ಬೆಲೆ ತೆರದ ಗೆಲುವು. ಸೈಲರ್ ಬದುಕಿರುವ ಸೂಚನೆ ಅದೇ ಸಂಚಿಕೆಯಲ್ಲಿ ದೊರೆಯಿತು. ಎರಡನೆಯ ಸೀಸನ್ನಿನಲ್ಲಿ ನೇಥನ್ ಮತ್ತು ಪೀಟರ್ ಇಬ್ಬರೂ ಬದುಕುಳಿದಿರುವುದು ತಿಳಿದಾಗ, ಅಂತಿಮ ದೃಶ್ಯದ ತ್ಯಾಗವು ತನ್ನ ತೂಕ ಕಳೆದುಕೊಂಡಿತೆಂಬ ಅಭಿಪ್ರಾಯ ಬಲಗೊಂಡಿತು.

ಎರಡು ದಿನಗಳ ಅನಂತರ, ಮೇ 23ರಂದು, ಎಬಿಸಿ ವಾಹಿನಿಯಲ್ಲಿ ಪ್ರಸಾರವಾದ ಲಾಸ್ಟ್ ಧಾರಾವಾಹಿಯ ಮೂರನೆಯ ಸೀಸನ್ನಿನ ಮುಕ್ತಾಯವು ವ್ಯಾಪಕ ಪ್ರಶಂಸೆ ಗಳಿಸಿದ್ದರಿಂದ ಹೀರೋಸ್‌ನ ಕೊರತೆಗಳು ಇನ್ನಷ್ಟು ಎದ್ದುಕಂಡವು.

ಸಮರ್ಥನೆ

ಎಲ್ಲ ಪ್ರತಿಕ್ರಿಯೆಗಳೂ ಪ್ರತಿಕೂಲವಾಗಿರಲಿಲ್ಲ. ಅಧಿಕಾರದ ಆಸೆಯನ್ನು ಬಿಟ್ಟು ತಮ್ಮನಿಗಾಗಿ ಮರಳಿಬರುವ ನೇಥನ್‌ನ ನಿರ್ಧಾರವು ಆ ಪಾತ್ರದ ಸಹಜ ಪೂರ್ಣತೆಯೆಂದು ಹಲವರು ಮೆಚ್ಚಿದರು. ಈ ದೃಷ್ಟಿಯಲ್ಲಿ, ಪೀಟರ್ ತಾನೇ ಹಾರಿಹೋಗಿದ್ದರೆ ತರ್ಕ ಉಳಿಯುತ್ತಿತ್ತು, ಆದರೆ ಸೋದರರ ಕಥೆಗೆ ಅರ್ಥವಿರುತ್ತಿರಲಿಲ್ಲ. ಧಾರಾವಾಹಿಯು 2007ರಲ್ಲಿ ಅತ್ಯುತ್ತಮ ನಾಟಕೀಯ ಸರಣಿಯ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು.

ನಂತರದ ಬೆಳವಣಿಗೆಗಳು

ಎರಡನೆಯ ಸೀಸನ್ 2007ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಅದರ ಮಂದಗತಿ, ಜಪಾನಿನಲ್ಲಿ ಹಿರೋನ ದೀರ್ಘ ವಾಸ ಮತ್ತು ಹೊಸ ಪಾತ್ರಗಳ ಪರಿಚಯದ ಕುರಿತು ದೂರುಗಳು ಹೆಚ್ಚಿದವು. ಅದೇ ನವೆಂಬರ್‌ನಲ್ಲಿ ಕ್ರಿಂಗ್ ಎಂಟರ್‌ಟೈನ್‌ಮೆಂಟ್ ವೀಕ್ಲಿ ಪತ್ರಿಕೆಯೊಡನೆ ಮಾತನಾಡುತ್ತಾ ಈ ದೋಷಗಳನ್ನು ಒಪ್ಪಿಕೊಂಡು ಅಭಿಮಾನಿಗಳ ಕ್ಷಮೆ ಕೋರಿದರು. ನವೆಂಬರ್ 5ರಂದು ಆರಂಭವಾದ ಅಮೆರಿಕದ ಚಿತ್ರಕಥಾ ಲೇಖಕರ ಮುಷ್ಕರದಿಂದಾಗಿ ಆ ಸೀಸನ್ 11 ಸಂಚಿಕೆಗಳಿಗೇ ಕೊನೆಗೊಂಡಿತು.

ಕ್ರಮೇಣ ವೀಕ್ಷಕರ ಸಂಖ್ಯೆ ಕುಸಿಯಿತು. ನಾಲ್ಕನೆಯ ಸೀಸನ್ನಿನ ಕೊನೆಯ ವೇಳೆಗೆ ಅದು ಮೊದಲ ಸೀಸನ್ನಿನ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. 2010ರ ಮೇ ತಿಂಗಳಲ್ಲಿ ಎನ್‌ಬಿಸಿ ಧಾರಾವಾಹಿಯನ್ನು ರದ್ದುಪಡಿಸಿತು. 2015–16ರಲ್ಲಿ ಹೀರೋಸ್ ರಿಬಾರ್ನ್ ಎಂಬ 13 ಸಂಚಿಕೆಗಳ ಉತ್ತರಭಾಗ ಪ್ರಸಾರವಾಯಿತು.

ಒಂದೇ ಒಗಟಿನ ಸುತ್ತ ಇಡೀ ವರ್ಷದ ಕಥೆಯನ್ನು ಹೆಣೆಯುವ ಧಾರಾವಾಹಿಗಳಿಗೆ ಎದುರಾಗುವ ಅಪಾಯಕ್ಕೆ ಈ ಸಂಚಿಕೆಯನ್ನು ಉದಾಹರಣೆಯಾಗಿ ನೀಡಲಾಗುತ್ತದೆ. ವಾರವಾರದ ಸುಳಿವುಗಳು ಹೆಚ್ಚಿದಂತೆ ಮುಕ್ತಾಯವು ಹೊರಬೇಕಾದ ಭಾರವೂ ಹೆಚ್ಚುತ್ತದೆ. ಧಾರಾವಾಹಿಯ ಜನಪ್ರಿಯತೆ ಇಳಿಯತೊಡಗಿದ್ದು ಎರಡನೆಯ ಸೀಸನ್ನಿನಲ್ಲಾದರೂ, ಅಭಿಮಾನಿಗಳ ವಿಶ್ವಾಸದಲ್ಲಿ ಮೊದಲ ಬಿರುಕು ಮೂಡಿದ್ದು ಕರ್ಬಿ ಪ್ಲಾಜಾದ ದೃಶ್ಯದಲ್ಲಿ ಎಂದು ಹಲವು ವೀಕ್ಷಕರು ಭಾವಿಸುತ್ತಾರೆ.

ಇವನ್ನೂ ನೋಡಿ

ಹೀರೋಸ್ (ದೂರದರ್ಶನ ಧಾರಾವಾಹಿ)
ಟಿಮ್ ಕ್ರಿಂಗ್
ಸೆಂಧಿಲ್ ರಾಮಮೂರ್ತಿ
ಲಾಸ್ಟ್ (ದೂರದರ್ಶನ ಧಾರಾವಾಹಿ)