ಗೆರೆ ಬೀಳದ ಹೆಸರುಗಳು

2015ರ ಆಗಸ್ಟ್ 22, ಶನಿವಾರ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆ. ನಾನಾಗ ಸರ್ಕಾರಿ ಶಾಲೆಯಲ್ಲಿ ಟೀಚರ್. ಮತಗಟ್ಟೆಯಲ್ಲಿ ಪಟ್ಟಿ ಹಿಡಿದು ಕೂರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂದವರ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದಬೇಕು. ಗಂಡಸರ ಹೆಸರಿಗೆ ಒಂದು ಗೆರೆ, ಹೆಂಗಸರ ಹೆಸರಿಗೆ ಗೆರೆಯ ಜೊತೆ ಒಂದು ಟಿಕ್ ಗುರುತು. ಪಕ್ಕದ ಮೇಜಿನವರು ಮೈಸೂರಿನಲ್ಲಿ ತಯಾರಾದ ಶಾಯಿಯನ್ನು ಬೆರಳಿಗೆ ಹಚ್ಚುತ್ತಿದ್ದರು.

ಬೆಳಿಗ್ಗೆ ಹೂ ಮಾರುವ ಒಬ್ಬ ಅಜ್ಜಿ ಬಂದರು. ಹೆಸರು ಓದಿದೆ. "ಇನ್ನೊಂದ್ ಸಲ ಓದಿ ಟೀಚರಮ್ಮ, ಇಷ್ಟು ಗಟ್ಟಿಯಾಗಿ ನನ್ನ ಹೆಸರು ಯಾರೂ ಕರ್ದಿಲ್ಲ" ಅಂದರು. ಮತ್ತೆ ಓದಿದೆ. ಸಂಜೆ ಬಾಗಿಲು ಹಾಕಿ ಪಟ್ಟಿ ತಿರುವಿದಾಗ ಪುಟಗಟ್ಟಲೆ ಹೆಸರುಗಳು ಗೆರೆಯಿಲ್ಲದೆ ಉಳಿದಿದ್ದವು. ಇಡೀ ನಗರದಲ್ಲಿ ಅಂದು ಮತ ಹಾಕಿದವರು ಶೇಕಡ 49ರಷ್ಟು. ಅದರ ಹಿಂದಿನ 2010ರ ಚುನಾವಣೆಯಲ್ಲಿ ಶೇಕಡ 44.

ಆ ಅಜ್ಜಿಯಂಥವರ ಹೆಸರು ಈ ಪಟ್ಟಿಗೆ ಬರಲು ಬೆಂಗಳೂರು ಎಷ್ಟು ಕಾಲ ಕಾಯಿತು ಎಂಬುದನ್ನು ಅಂದಿನಿಂದ ಓದಿ ತಿಳಿಯುತ್ತಾ ಬಂದಿದ್ದೇನೆ.

1862ರಲ್ಲಿ ಹಳೇ ಪೇಟೆಗೊಂದು, ದಂಡಿಗೊಂದು (ಕಂಟೋನ್ಮೆಂಟ್) ಹೀಗೆ ಎರಡು ಪುರಸಭಾ ಮಂಡಳಿಗಳು ಹುಟ್ಟಿದವು. ಒಂದೇ ಊರು, ಎರಡು ಆಡಳಿತ. ಪೇಟೆಯ ಮಂಡಳಿಯಲ್ಲಿ ಊರಿನ ಗಣ್ಯರಿದ್ದರೇ ಹೊರತು ಜನ ಆರಿಸಿದವರಿರಲಿಲ್ಲ. ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾಯಿಸಲು ಅವಕಾಶ ಸಿಕ್ಕಿದ್ದು 1882ರಲ್ಲಿ. ಆಸ್ತಿ ತೆರಿಗೆ ಬಂದದ್ದೂ ಅದೇ ವರ್ಷ. ಊರಿನ ಖರ್ಚಿಗೆ ಕಂದಾಯ ಕಟ್ಟುವವನಿಗೆ ಊರಿನ ಮಾತಿನಲ್ಲೂ ಪಾಲು ಬೇಕು ಎಂಬ ನ್ಯಾಯ ಅಲ್ಲಿತ್ತು. ಆದರೆ ಕಂದಾಯ ಕಟ್ಟುವಷ್ಟು ಆಸ್ತಿಯಿಲ್ಲದ ಕೂಲಿಯವರು, ಬೀದಿ ಗುಡಿಸುವವರು, ಹೂ ಮಾರುವವರು ಆ ನ್ಯಾಯದ ಆಚೆಗೇ ಉಳಿದರು.

ಅಧ್ಯಕ್ಷಗಿರಿಯೂ ಹಾಗೆಯೇ ನಿಧಾನವಾಗಿ ಜನರ ಕಡೆಗೆ ಸರಿಯಿತು. 1913ರಲ್ಲಿ ಪೇಟೆಯ ಪುರಸಭೆಗೆ ಗೌರವ ಅಧ್ಯಕ್ಷರು ಬಂದರು. ಆ ಸ್ಥಾನದಲ್ಲಿ ಕುಳಿತವರು ಕೆ.ಪಿ. ಪುಟ್ಟಣ್ಣ ಚೆಟ್ಟಿ. ಇಂದು ಜೆ.ಸಿ. ರಸ್ತೆಯ ತುದಿಯಲ್ಲಿ ನಾವು ಟೌನ್ ಹಾಲ್ ಎಂದು ಕರೆಯುವ ಕಟ್ಟಡಕ್ಕೆ ಅವರದೇ ಹೆಸರು. 1920ರಲ್ಲಿ ಅಧ್ಯಕ್ಷ ಸ್ಥಾನವೂ ಚುನಾವಣೆಗೆ ಬಂತು. 1949ರಲ್ಲಿ ಪೇಟೆ ಮತ್ತು ದಂಡಿನ ಆಡಳಿತಗಳು ಒಂದಾಗಿ ಕಾರ್ಪೊರೇಷನ್ ಆಯಿತು. ಪೇಟೆ ಪುರಸಭೆಯ ಅಧ್ಯಕ್ಷರಾಗಿದ್ದ ಆರ್. ಸುಬ್ಬಣ್ಣ ಮೊದಲ ಮೇಯರ್ ಆದರು. ಹತ್ತು ವರ್ಷಕ್ಕೆ, 1959ರಲ್ಲಿ, ಇಂದಿರಮ್ಮ ಮೇಯರ್ ಗೌನು ತೊಟ್ಟ ಮೊದಲ ಮಹಿಳೆಯಾದರು. ಸ್ವಾತಂತ್ರ್ಯ ತಂದ ವಯಸ್ಕ ಮತದಾನ ಆಸ್ತಿಯ ಗೋಡೆಯನ್ನು ಕೆಡವಿ ಹಾಕಿತ್ತು. ಪಟ್ಟಿಯಲ್ಲಿ ಹೂವಿನ ಅಜ್ಜಿಗೂ ಜಾಗವಾಯಿತು.

ಆ ಮತಕ್ಕೆ ಎಷ್ಟು ಬಲವಿದೆ ಎಂಬುದನ್ನು ಚಿಕ್ಕಂದಿನಲ್ಲೇ ಕಂಡಿದ್ದೆ. ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಹತ್ತು ಮನೆಗೆ ಒಂದೇ ನಲ್ಲಿ. ಎರಡು ದಿನ ನೀರು ಬಾರದಿದ್ದರೆ ಅಮ್ಮ ಖಾಲಿ ಕೊಡಪಾನವನ್ನೇ ಸೊಂಟಕ್ಕಿಟ್ಟುಕೊಂಡು ಕೌನ್ಸಿಲರ್ ಮನೆ ಜಗಲಿಗೆ ಹೋಗುತ್ತಿದ್ದಳು. ಹಿಂದೆ ಅಕ್ಕಪಕ್ಕದ ಹೆಂಗಸರು. "ಯಜಮಾನ್ರೇ, ನೀರಿಲ್ಲ" ಅಷ್ಟೇ ಮಾತು. ಅವರು ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಮುಂದಿನ ಸಲ ಇದೇ ಬೀದಿಗೆ ಮತ ಕೇಳಲು ಬರಬೇಕಲ್ಲ!

ಅಂಥ ಜಗಲಿ ಈ ಊರಿಗೆ ಮತ್ತೆ ಮತ್ತೆ ಇಲ್ಲವಾಗಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಪಾಲಿಕೆಯ ಐದು ವರ್ಷದ ಅವಧಿ ಮುಗಿಯುವುದರೊಳಗೇ ಚುನಾವಣೆ ಮುಗಿದಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ 2006ರ ಕೊನೆಗೆ ಅವಧಿ ಮುಗಿದು ಹೋದ ಕೌನ್ಸಿಲ್ ತಿರುಗಿ ಬಂದದ್ದು 2010ರಲ್ಲಿ. ನಡುವೆ, 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಊರನ್ನು ಹಿಗ್ಗಿಸಿದರು. ಸೇರಿದ ಹಳ್ಳಿಗಳ ಪರವಾಗಿ ಮಾತಾಡಲು ಚುನಾಯಿತ ಸದಸ್ಯರೇ ಇರಲಿಲ್ಲ. ನಾನು ಗೆರೆ ಎಳೆದ 2015ರ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮತ್ತೆ ಐದು ವರ್ಷಕ್ಕೂ ಮೀರಿ ಖಾಲಿ. ಆ ಅವಧಿಯಲ್ಲಿ ನಮ್ಮ ಬೀದಿಯ ಮೋರಿಯ ಚಪ್ಪಡಿ ಒಡೆದು, ನೆರೆಮನೆಯ ಹುಡುಗ ಕಾಲು ಮುರಿದುಕೊಂಡ. ಅರ್ಜಿ ಹಿಡಿದು ಮೂರು ಕಡೆ ಅಲೆದೆ. ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಅಮ್ಮನಂತೆ ಹೋಗಿ ನಿಲ್ಲಲು ನನಗೆ ಜಗಲಿ ಇರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಊರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾಯಿತು. ಮೊದಲಿದ್ದ 198 ವಾರ್ಡುಗಳು ಈಗ 369. ನನ್ನ ಚಾಮರಾಜಪೇಟೆಯೂ ಹಳೇ ಪೇಟೆಯ ಚಿಕ್ಕಪೇಟೆಯೂ ದಂಡಿನ ಶಿವಾಜಿನಗರವೂ ಕೇಂದ್ರ ಪಾಲಿಕೆಯ 63 ವಾರ್ಡುಗಳೊಳಗೆ ಬಂದಿವೆ. 1862ರಲ್ಲಿ ಬೇರೆಬೇರೆ ಮಂಡಳಿಗಳಿಗೆ ಸೇರಿದ್ದ ಬೀದಿಗಳು ಒಂದೇ ಕೌನ್ಸಿಲಿಗೆ ಸದಸ್ಯರನ್ನು ಕಳಿಸಬೇಕಾಗಿದೆ. ಐದು ಭಾಗ ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ನಡೆಯುತ್ತಿರಲಿ. ವಾರ್ಡು ಚಿಕ್ಕದಾದರೆ ಜಗಲಿ ಹತ್ತಿರವಾಗುತ್ತದೆ ಎಂಬುದು ನನ್ನ ನಂಬಿಕೆ.

ಚುನಾವಣೆ ತಡಮಾಡಿದ್ದು ಆಳುವವರ ತಪ್ಪು. ಅದು ನಡೆದ ದಿನ ಮನೆಯಲ್ಲೇ ಉಳಿದದ್ದು ನಮ್ಮ ತಪ್ಪು. ಈಗ ಗಡಿಗಳು ಬದಲಾಗಿವೆ, ನಿಮ್ಮ ಹಳೇ ವಾರ್ಡು ಇಂದು ನಿಮ್ಮದಾಗಿರದೆಯೂ ಇರಬಹುದು. ದಯವಿಟ್ಟು ಈ ವಾರವೇ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿ, ಮನೆಯ ಹೆಂಗಸರ ಹೆಸರು, ಹೊಸದಾಗಿ ಹದಿನೆಂಟು ತುಂಬಿದ ಮಕ್ಕಳ ಹೆಸರು ಇವೆಯೇ ನೋಡಿ. ಮತದಾನದ ದಿನ ಆ ಮೇಜಿನ ಮುಂದೆ ಹೋಗಿ ನಿಂತು ನಿಮ್ಮ ಹೆಸರನ್ನು ಗಟ್ಟಿಯಾಗಿ ಓದಿಸಿ.