ಕಳೆದದ್ದು ಕಾರ್ಡು, ಉಳಿದದ್ದು ಹೆಸರು

ತುಮಕೂರಿನ ಬಸ್ ನಿಲ್ದಾಣದಲ್ಲಿ ಗುಬ್ಬಿಯ ಬಸ್ಸು ಹತ್ತುವ ಗಡಿಬಿಡಿಯಲ್ಲಿ ನಿಮ್ಮ ಪರ್ಸು ಕಳೆದುಹೋಯಿತೆಂದು ಇಟ್ಟುಕೊಳ್ಳಿ. ಹೋದ ನೂರಿನ್ನೂರು ರೂಪಾಯಿಯನ್ನು ಎರಡು ದಿನದಲ್ಲಿ ಮರೆಯಬಹುದು. ಆದರೆ ಅದರಲ್ಲಿದ್ದ ಗುರುತಿನ ಚೀಟಿ? ಅದು ಮತ್ತೆ ಕೈಗೆ ಬರಲು ಎಷ್ಟು ದಿನ ಬೇಕು? ಸಣ್ಣದಾಗಿ ತೋರುವ ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ.

ವಿಜ್ಞಾನದ ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ ಒಂದು ಮಾತನ್ನು ಇಲ್ಲಿ ನೆನೆಯಬಹುದು. ಅಳತೆಗೆ ಹೊರಡುವ ಮುನ್ನ, ಅಳೆಯುತ್ತಿರುವುದು ಏನನ್ನು ಎಂದು ತಿಳಿದಿರಬೇಕು. ಕಾರ್ಡು ಅಚ್ಚಾಗಲು ಕೆಲವು ನಿಮಿಷ ಸಾಕು. ಉಳಿದ ಕಾಲವೆಲ್ಲ ಹೋಗುವುದು ‘ಈತ ಅದೇ ವ್ಯಕ್ತಿಯೇ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ. ಆ ಉತ್ತರ ಯಾರ ಬಳಿ ಇದೆ, ಎಷ್ಟು ದೂರದಲ್ಲಿದೆ ಎಂಬುದೇ ಕಾಯುವ ದಿನಗಳನ್ನು ನಿರ್ಧರಿಸುತ್ತದೆ.

ಒಂದು ಕಾಲದಲ್ಲಿ ಆ ಉತ್ತರ ಊರಿನಲ್ಲೇ ಇತ್ತು. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಶಾನುಭೋಗರ ಲೆಕ್ಕದ ಪುಸ್ತಕ, ಪಟೇಲರ ಬಾಯಿಮಾತು ಇವೇ ಗುರುತಿನ ಆಧಾರಗಳು. ‘ಇವನು ಇಂಥವರ ಮಗ’ ಎಂದು ಅವರು ಹೇಳಿದರೆ ಮುಗಿಯಿತು. ಇದು ಬಲು ವೇಗದ ವ್ಯವಸ್ಥೆ. ಆದರೆ ಅವರಿಗೆ ಬೇಡವಾದವನ ಪಾಡೇನು? ವಂಶಪಾರಂಪರ್ಯವಾದ ಈ ಗ್ರಾಮಾಧಿಕಾರವನ್ನು 1961ರ ಕಾಯಿದೆ ರದ್ದುಪಡಿಸಿತು. ಮುಂದೆ ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು. ಗುರುತು ಹೇಳುವ ಕೆಲಸ ಮನುಷ್ಯನ ನೆನಪಿನಿಂದ ಕಡತಕ್ಕೆ ಜಾರಿತು.

ಕಡತದಲ್ಲಿ ಹೆಸರು ಸೇರುವುದೂ ಸುಲಭವಾಗಿರಲಿಲ್ಲ. 1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಾದಾಗ, ಉತ್ತರ ಭಾರತದ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಸ್ವಂತ ಹೆಸರೇ ಬೇಕೆಂದು ಪಟ್ಟುಹಿಡಿದರು. ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮುಂದೆ 1960ರಲ್ಲಿ ಕಲ್ಕತ್ತೆಯ ಒಂದು ಉಪಚುನಾವಣೆಗಾಗಿ ಭಾವಚಿತ್ರವಿರುವ ಚೀಟಿಯ ಪ್ರಯೋಗ ನಡೆಯಿತು. ಬಹಳ ಮಂದಿ ಹೆಂಗಸರು ಚಿತ್ರ ತೆಗೆಸಿಕೊಳ್ಳಲು ಒಪ್ಪದ ಕಾರಣ ಅದನ್ನು ಕೈಬಿಡಬೇಕಾಯಿತು.

ಭಾವಚಿತ್ರದ ಚೀಟಿಯನ್ನು ದೇಶಾದ್ಯಂತ ಕೊಡಬೇಕೆಂಬ ಆದೇಶ ಹೊರಬಿದ್ದುದು 1993ರಲ್ಲಿ, ಟಿ.ಎನ್. ಶೇಷನ್ ಅವರ ಕಾಲದಲ್ಲಿ. ಊರೂರಿನಲ್ಲಿ ಶಿಬಿರಗಳು ನಡೆದವು. ಜನ ಸಾಲುಗಟ್ಟಿ ನಿಂತು ಚಿತ್ರ ತೆಗೆಸಿಕೊಂಡರು. ಎಷ್ಟೋ ಮಂದಿ ಹಿರಿಯರಿಗೆ ಅದೇ ಬದುಕಿನ ಮೊದಲ ಭಾವಚಿತ್ರ. ನನ್ನ ಅಜ್ಜಿಗೂ ಅಷ್ಟೆ. ಆಕೆ ಆ ಚೀಟಿಯನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಿದ್ದಳು. ಒಂದು ಜಾತ್ರೆಯಲ್ಲಿ ಚೀಲವೂ ಹೋಯಿತು, ಚೀಟಿಯೂ ಹೋಯಿತು.

ಬದಲಿ ಚೀಟಿಗೆ ಅರ್ಜಿ ಕೊಟ್ಟೆವು. ಕಚೇರಿಯ ಹೆಸರು ಇಲ್ಲಿ ಬೇಡ. ‘ಮುಂದಿನ ಶಿಬಿರಕ್ಕೆ ಬನ್ನಿ’ ಎಂದರು. ಶಿಬಿರ ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ಎಂಟು ತಿಂಗಳು ಕಳೆಯಿತು. ಅಷ್ಟರಲ್ಲಿ 2004ರ ಚುನಾವಣೆ ಬಂತು. “ಕಾರ್ಡಿಲ್ದೆ ಹೋದ್ರೆ ಎಲ್ಲರ ಮುಂದೆ ವಾಪಸ್ ಕಳಿಸ್ತಾರೆ ಕಣಪ್ಪ, ನಾನು ಬರಲ್ಲ” ಎಂದು ಅಜ್ಜಿ ಮನೆಯಲ್ಲೇ ಕುಳಿತಳು. ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಭಾವಚಿತ್ರವಿದ್ದ ಅಂಚೆ ಕಚೇರಿಯ ಪಾಸ್‌ಪುಸ್ತಕ ಟ್ರಂಕಿನಲ್ಲಿತ್ತು. ಅಂಥ ದಾಖಲೆ ತೋರಿಸಿಯೂ ಮತ ಹಾಕಬಹುದೆಂದು ಪದವಿ ಪಡೆದಿದ್ದ ನನಗೇ ತಿಳಿದಿರಲಿಲ್ಲ! ಮುಂದಿನ ಚುನಾವಣೆಗೆ ಆಕೆ ಇರಲಿಲ್ಲ. ಎಂಟು ತಿಂಗಳ ವಿಳಂಬ ಕಚೇರಿಯದು. ಒಂದು ಮತ ಹೋದದ್ದು ನನ್ನ ಅಜ್ಞಾನದಿಂದ.

ಇಲ್ಲಿಂದ ಮುಂದಿನ ಅಧ್ಯಾಯದಲ್ಲಿ ತುಮಕೂರು ಜಿಲ್ಲೆಗೇ ಒಂದು ಪಾತ್ರವಿದೆ. 2009ರಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. ಕರ್ನಾಟಕದಲ್ಲಿ ಆಧಾರ್ ನೋಂದಣಿಯ ಮೊದಲ ಹಂತಕ್ಕೆ ಆರಿಸಿಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಇದಕ್ಕೂ ಮುನ್ನ, 2010ರಲ್ಲಿ, ಕರ್ನಾಟಕ, ಆಂಧ್ರ ಮತ್ತು ಬಿಹಾರದ ಗ್ರಾಮೀಣ ಪ್ರದೇಶಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಜನರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಚಿತ್ರವನ್ನು ಒಮ್ಮೆ ತೆಗೆದು, ಸುಮಾರು ಮೂರು ವಾರಗಳ ನಂತರ ಅದೇ ಜನರನ್ನು ಕರೆದು ಮತ್ತೊಮ್ಮೆ ತೆಗೆದರು. ಮರಳಿ ಬಂದವನು ಅದೇ ವ್ಯಕ್ತಿಯೇ ಎಂದು ಯಂತ್ರ ಹೇಳಬಲ್ಲುದೇ? ಚೀಟಿ ಕಳೆದುಕೊಂಡವನ ಮುಂದಿರುವ ಪ್ರಶ್ನೆಯೂ ಇದೇ ಅಲ್ಲವೇ!

ಬೆರಳಚ್ಚಿನ ವಿದ್ಯೆಗೂ ನಮ್ಮ ದೇಶಕ್ಕೂ ಹಳೆಯ ನಂಟು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ಒಬ್ಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿದ. ಮಾತಿಗೆ ತಪ್ಪಬಾರದೆಂಬ ಬೆದರಿಕೆಯಾಗಿ ಆರಂಭವಾದದ್ದು ಮುಂದೆ ಗುರುತಿನ ಶಾಸ್ತ್ರವಾಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಅಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಪಾಲು ದೊಡ್ಡದು.

ಕಾಯುವ ದಿನಕ್ಕೆ ಕಾನೂನಿನ ಗಡಿ ಹಾಕಿದ್ದು ಕರ್ನಾಟಕದ ‘ಸಕಾಲ’. 2011ರ ಕಾಯಿದೆಯ ಪ್ರಕಾರ 2012ರ ಏಪ್ರಿಲ್‌ನಿಂದ ಇದು ರಾಜ್ಯಾದ್ಯಂತ ಜಾರಿಗೆ ಬಂತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳು ಇದರಲ್ಲಿದ್ದವು. ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಅಲ್ಪ, ನಿಜ. ಆದರೆ ‘ನಾಳೆ ಬಾ’ ಎನ್ನುವ ಮಾತಿಗೆ ಬೆಲೆ ಕಟ್ಟಿದ್ದು ಅಲ್ಪ ಸಂಗತಿಯಲ್ಲ.

ಹಾಗಾದರೆ ಇಂದು ಎಷ್ಟು ದಿನ? ಆಧಾರ್‌ಗೆ ನಿಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಅದರ ಪ್ರತಿಯನ್ನು ಇಳಿಸಿಕೊಳ್ಳಬಹುದು. ಪ್ಲಾಸ್ಟಿಕ್ ಕಾರ್ಡಿನ ಸೇವೆ 2020ರಲ್ಲಿ 50 ರೂಪಾಯಿ ಶುಲ್ಕದೊಂದಿಗೆ ಆರಂಭವಾಯಿತು. ಕೋರಿಕೆ ಬಂದ ಐದು ಕೆಲಸದ ದಿನಗಳಲ್ಲಿ ಅದನ್ನು ಅಂಚೆಗೆ ಕೊಡಬೇಕೆಂಬುದು ನಿಯಮ. ಮತದಾರರ ಚೀಟಿಗೆ 2022ರ ಆಗಸ್ಟ್‌ನಿಂದ ನಮೂನೆ 8ರಲ್ಲೇ ಬದಲಿ ಚೀಟಿ ಕೇಳಬಹುದು. ಪಟ್ಟಿಯಲ್ಲಿ ಹೊಸ ಸೇರ್ಪಡೆ ಅಥವಾ ಬದಲಾವಣೆಯಾದ 15 ದಿನದೊಳಗೆ ಚೀಟಿ ತಲುಪಬೇಕೆಂದು ಆಯೋಗ 2025ರ ಜೂನ್‌ನಲ್ಲಿ ಪ್ರಕಟಿಸಿತು.

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಮೊಬೈಲ್ ಸಂಖ್ಯೆ ಬದಲಾಗಿದ್ದರೆ ನಿಮಿಷಗಳ ಕೆಲಸ ವಾರಗಳಿಗೆ ಬೆಳೆಯುತ್ತದೆ. ಕೂಲಿ ಮಾಡಿ ಬೆರಳ ಗೆರೆ ಸವೆದವರನ್ನು ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ. ಕುಣಿಗಲ್ ತಾಲ್ಲೂಕಿನ ಅಂಚಿನ ಹಳ್ಳಿಯಿಂದ ಬರುವ ಕೂಲಿಯಾಳಿಗೆ ಒಂದೊಂದು ಅಲೆದಾಟವೂ ಒಂದೊಂದು ದಿನದ ಕೂಲಿ. ಆ ದಿನಗಳನ್ನು ಯಾವ ಸ್ವೀಕೃತಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀವು ಮಾಡಬಹುದಾದ ಕೆಲಸ ಇಲ್ಲಿದೆ. ಮನೆಯ ಹಿರಿಯರ ಕಾರ್ಡುಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅವರ ಮೊಬೈಲ್ ಸಂಖ್ಯೆ ಸರಿಯಾಗಿ ಜೋಡಣೆಯಾಗಿದೆಯೇ ನೋಡಿ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಚುನಾವಣೆಗೆ ಮೊದಲೇ ಪರೀಕ್ಷಿಸಿ. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾರರ ಚೀಟಿ ಇಲ್ಲದವರು ಬೇರೆ 12 ದಾಖಲೆಗಳ ಪೈಕಿ ಒಂದನ್ನು ತೋರಿಸಿ ಮತ ಹಾಕಬಹುದಾಗಿತ್ತು ಎಂಬುದನ್ನು ಅವರಿಗೆ ತಿಳಿಸಿ ಹೇಳಿ.

ಶಾನುಭೋಗರ ಪುಸ್ತಕದಿಂದ ಕಣ್ಣಿನ ಪಾಪೆಯವರೆಗೆ ಸಾಧನ ಬದಲಾಗಿದೆ. ಕಾರ್ಡು ಎಂಬುದು ಹಕ್ಕಿನ ಒಂದು ನಕಲು ಮಾತ್ರ. ಈ ಒಂದು ಮಾತನ್ನು 2004ರಲ್ಲಿ ಯಾರಾದರೂ ನಮ್ಮ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದರೆ, ಅಜ್ಜಿ ಅಂದು ಸೆರಗು ಸರಿಮಾಡಿಕೊಂಡು ಮತಗಟ್ಟೆಗೆ ಹೊರಡುತ್ತಿದ್ದಳು.