ಶುಗರ್ ಕಥೆ, ಭಾಗ 3: ಅವ್ವನ ತಪ್ಪಲ್ಲ

ನಮ್ಮ ಸೈದಾಪುರದಾಗ ಸಣ್ಣ ಹುಡುಗರಿಗೆ ಶುಗರ್ ಬಂತಂದ್ರ ಜನ ಮೊದಲು ಅವರವ್ವನ್ನ ಕೇಳ್ತಾರ, ‘ಸಿಹಿ ಭಾಳ ತಿನ್ನಿಸಿದ್ದೇನವಾ?’ ಅಂತ. ಒಂದ್ಸಲ ನಾನೂ ಕೇಳಿದ್ದೆ.

1965ಕ್ಕೆ ಬರ್ರಿ. ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್ ಅನ್ನೋ ಡಾಕ್ಟರ್, ಈ ಕಾಯಿಲೆ ಶುರುವಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡ ಎಳೆ ವಯಸ್ಸಿನ 22 ರೋಗಿಗಳ ಮೇದೋಜೀರಕ ಗ್ರಂಥಿ ಪರೀಕ್ಷೆ ಮಾಡಿದ್ರು. 15 ಮಂದಿಯಲ್ಲಿ, ಇನ್ಸುಲಿನ್ ಮಾಡೋ ಜೀವಕೋಶಗಳಿಗೆ ಬಿಳಿ ರಕ್ತಕಣಗಳು ಮುತ್ತಿಗೆ ಹಾಕಿದ್ದವು. ರೋಗಾಣು ಹೊಡೀಬೇಕಾದ ಕಾವಲುಗಾರರೇ ಮನಿಯವರ ಮ್ಯಾಲೆ ಬಿದ್ದಂಗ! ಅದರಾಗ ಟಿ ಕೋಶಗಳದ್ದೇ ದೊಡ್ಡ ಕೈ ಅಂತ ಆಮೇಲೆ ತಿಳೀತು.

ಕೆಣಕಿದವರ‍್ಯಾರು? 1979ರಲ್ಲಿ ಒಂದು ವರದಿ ಬಂತು. ಅಮೆರಿಕದಲ್ಲಿ ಜ್ವರ ಬಂದು, ಶುಗರ್ ಏರಿ ತೀರಿಕೊಂಡ 10 ವರ್ಷದ ಹುಡುಗನ ಗ್ರಂಥಿಯಲ್ಲಿ ಕಾಕ್ಸಾಕಿ ಬಿ4 ವೈರಸ್ ಸಿಕ್ಕಿತ್ತು. ಅದನ್ನ ಇಲಿಗಳಿಗೆ ಕೊಟ್ಟಾಗ ಅವಕ್ಕೂ ಶುಗರ್ ಏರಿತು. ಹಂಗಂತ ವೈರಸ್ಸೊಂದೇ ಕಾರಣ ಅನ್ನಬ್ಯಾಡ್ರಿ. ಇಂಥ ವೈರಸ್ ಭಾಳ ಮಂದಿಗೆ ತಗಲ್ತದ, ಟೈಪ್ 1 ಬರೋದು ಕೆಲವರಿಗಷ್ಟೇ. ಹುಟ್ಟಿನಿಂದ ಬಂದ ಜೀನ್‌ಗಳ ಪಾಲೂ ಅದ. (ನಾ ಬಿಕಾಂ, ತಪ್ಪಿದ್ರ ಸೈನ್ಸ್ ದೋಸ್ತರು ತಿದ್ರಿ.)

ಹುಡುಗರಿಗೆ ವಿಪರೀತ ನೀರಡಿಕೆ, ಪದೇ ಪದೇ ಮೂತ್ರ, ತೂಕ ಇಳಿಯೋದು ಕಂಡ್ರ ಅವತ್ತೇ ರಕ್ತ ಪರೀಕ್ಷೆ ಮಾಡಿಸ್ರಿ.

ಮುಂದಿನ ಭಾಗ: 1922, ಟೊರಾಂಟೊ, ಮೊದಲ ಇನ್ಸುಲಿನ್ ಸೂಜಿ.